ಕೌಟಿಲ್ಯನ ದಂಡವೂ ಹಿಂಸೆಯೂ

ಕೌಟಿಲ್ಯನ ಶಾಸ್ತ್ರವು ನಿರ್ದಯವಾದುದೆಂದು ಬಾಣನು ಕಾದಂಬರಿಯಲ್ಲಿ ಹೊರಿಸಿದ ಅಪವಾದವು, ಅರ್ಥಶಾಸ್ತ್ರವು ೧೯೦೯ರಲ್ಲಿ ಶಾಮಶಾಸ್ತ್ರಿಗಳಿಂದ ಮೈಸೂರಿನಲ್ಲಿ ಮುದ್ರಿತವಾಗಿ ಎಲ್ಲರ ಕೈಸೇರಿದ ಮೇಲೂ ಅಳಿಯಲಿಲ್ಲ. ರಾಜ್ಯಕ್ಕೆ ದಂಡವೇ ಆಧಾರ, ದಂಡವೆಂದರೆ ಹಿಂಸೆ, ಆದುದರಿಂದ ರಾಜ್ಯಕ್ಕೆ ಹಿಂಸೆಯೇ ಆಧಾರ ಎಂಬುದು ಆಕ್ಷೇಪಕರ ತರ್ಕ. ಇದರಲ್ಲಿ ಎರಡನೆಯ ಮಾತೇ ಅಸಿದ್ಧವಾದುದು.

ಜನರನ್ನು ವಶದಲ್ಲಿಡಲು ದಂಡಕ್ಕೆ ಸಮನಾದ ಸಾಧನವಿಲ್ಲ, ರಾಜನು ಅದನ್ನು ಸದಾ ಎತ್ತಿ ಹಿಡಿದಿರಬೇಕು ಎಂಬುದು ಪೂರ್ವಾಚಾರ್ಯರ ಮತ. ಮೊದಲನೆಯ ಅಧಿಕರಣದ ನಾಲ್ಕನೆಯ ಅಧ್ಯಾಯದಲ್ಲಿ ಕೌಟಿಲ್ಯನು ಇದನ್ನು ಎತ್ತಿಕೊಂಡು ನಿರಾಕರಿಸುತ್ತಾನೆ. ತೀಕ್ಷ್ಣದಂಡನಿಗೆ ಪ್ರಜೆಗಳು ಬೆದರುತ್ತಾರೆ, ಮೃದುದಂಡನನ್ನು ಕಡೆಗಣಿಸುತ್ತಾರೆ, ಯಥಾರ್ಹದಂಡನು ಮಾತ್ರ ಪೂಜ್ಯನು. ಕಾಮಕ್ರೋಧಗಳಿಂದ ಪ್ರಯೋಗಿಸಿದ ದಂಡವು ವಾನಪ್ರಸ್ಥರನ್ನೂ ಕೆರಳಿಸುವುದೆಂದ ಮೇಲೆ ಗೃಹಸ್ಥರ ಮಾತೇನು! ದಂಡವೇ ಇಲ್ಲದೆಡೆಯಲ್ಲಿ ಮಾತ್ಸ್ಯನ್ಯಾಯವು ತಲೆಯೆತ್ತುವುದು. ಎಂದರೆ ದಂಡವು ಕೆಟ್ಟಲ್ಲಿಯೂ ಹಿಂಸೆ, ಇಲ್ಲದಲ್ಲಿಯೂ ಹಿಂಸೆ. ‘ಯಥಾರ್ಹ’ವೆಂಬ ವಿಶೇಷಣವನ್ನು ಬಿಟ್ಟು ಓದುವವರು ಪೂರ್ವಪಕ್ಷವನ್ನೇ ಸಿದ್ಧಾಂತವೆಂದು ಭ್ರಮಿಸುತ್ತಾರೆ. ನಾಲ್ಕನೆಯ ಅಧಿಕರಣದ ಕೊನೆಯಲ್ಲಂತೂ ರಾಜನಿಗೇ ದಂಡವುಂಟು: ದಂಡನಾರ್ಹನಲ್ಲದವನನ್ನು ದಂಡಿಸಿದರೆ ಅದರ ಮೂವತ್ತು ಮಡಿಯನ್ನು ವರುಣನಿಗೆಂದು ನೀರಿನಲ್ಲಿ ಅರ್ಪಿಸಿ, ಬಳಿಕ ಬ್ರಾಹ್ಮಣರಿಗೆ ಕೊಡಬೇಕು. (ವಸೂಲು ಮಾಡುವವರು ಯಾರೋ!)

ಆದರೆ ಐದನೆಯ ಅಧಿಕರಣದ ಉಪಾಂಶುದಂಡಕ್ಕೆ ಈ ಸಮಾಧಾನವು ಸಾಲದು. ಪ್ರಕಟವಾಗಿ ದಂಡಿಸಲಾಗದ ದ್ರೋಹಿಯಾದ ಅಧಿಕಾರಿಯನ್ನು ಅವನ ಸೋದರನಿಂದಲೇ ಕೊಲ್ಲಿಸಿ, ಅನಂತರ ಆ ಸೋದರನನ್ನು ಭ್ರಾತೃಘಾತಕನೆಂದು ಕೊಲ್ಲಿಸುವ ಉಪಾಯವು ಅಲ್ಲಿದೆ. ಇಲ್ಲಿ ಬಾಣನ ಮಾತು ನಿಲ್ಲುತ್ತದೆ. ಅಪರಾಧಕ್ಕೆ ತಕ್ಕುದೋ ಅಲ್ಲವೋ ಎಂದು ಪ್ರಜೆಗಳು ಅಳೆಯಲಾರದ ದಂಡಕ್ಕೆ ಪೂಜ್ಯತೆಯು ಎಲ್ಲಿಂದ ಬಂದೀತು? ಶಾಸ್ತ್ರಕಾರನು ಇದಕ್ಕೂ ದಂಡವೆಂದೇ ಹೆಸರಿಟ್ಟಿದ್ದಾನೆ. ಆದರೆ ಇದನ್ನು ಮರೆಯಲ್ಲಿ ನಡೆಸಬೇಕೆಂದು ವಿಧಿಸಿದುದರಿಂದ, ಪ್ರಜೆಗಳ ಕಣ್ಣಿಗೆ ಇದು ಯಥಾರ್ಹವಾಗಿ ತೋರದೆಂಬ ಶಂಕೆಯನ್ನೂ ತಾನೇ ಸೂಚಿಸಿದಂತಾಗಿದೆ.