ಯಾರ ಹಂಗಿನಲ್ಲಿ ಯಾರು?

ಚಿತ್ರದ ನಡುವೆ ಇಕ್ತಿಯೋಸಾರ್ ಒಂದು ಪ್ಲೀಸಿಯೋಸಾರ್‌ನ ಉದ್ದನೆಯ ಕತ್ತಿಗೆ ಬಾಯಿ ಹಾಕಿದೆ. ಕಚ್ಚಿಸಿಕೊಂಡ ಪ್ರಾಣಿ ಹೆದರಿ ಮಲ ಬಿಡುತ್ತಿದೆ. ಇನ್ನೊಂದು ಪ್ಲೀಸಿಯೋಸಾರ್ ನೀರಿನಿಂದ ಕತ್ತು ಚಾಚಿ, ಹಾರುವ ಟೆರೋಸಾರ್‌ನ ರೆಕ್ಕೆ ಹಿಡಿದಿದೆ. ಇಂಗ್ಲೆಂಡಿನ ಭೂವಿಜ್ಞಾನಿ ಹೆನ್ರಿ ಡಿ ಲಾ ಬೀಚ್ 1830ರಲ್ಲಿ ಬರೆದ ಈ ಜಲವರ್ಣಚಿತ್ರದ ಹೆಸರು 'ಡ್ಯೂರಿಯಾ ಆಂಟಿಕ್ವಿಯರ್', ಅಂದರೆ ಇನ್ನೂ ಹಳೆಯ ಡಾರ್ಸೆಟ್. ಪಳೆಯುಳಿಕೆಗಳನ್ನು ನಂಬಿ ಗತಕಾಲದ ಜೀವಲೋಕವನ್ನು ಇಡಿಯಾಗಿ ಕಲ್ಪಿಸಿಕೊಂಡ ಮೊದಲ ಚಿತ್ರಗಳಲ್ಲಿ ಇದೊಂದು. 'ಡೈನೋಸಾರ್' ಎಂಬ ಪದವೇ ಆಗಿನ್ನೂ ಹುಟ್ಟಿರಲಿಲ್ಲ, ಅದು ಬಂದದ್ದು 1842ರಲ್ಲಿ. (ಈ ಕಡಲ ಸರೀಸೃಪಗಳು ಡೈನೋಸಾರ್‌ಗಳಲ್ಲ, ಅವುಗಳ ಕಾಲದವು ಅಷ್ಟೇ.)

ಚಿತ್ರದಲ್ಲಿ ತಪ್ಪು ಹುಡುಕುವುದು ಸುಲಭ. ಇಕ್ತಿಯೋಸಾರ್‌ಗೆ ಮೀನಿನಂಥ ಬಾಲದ ರೆಕ್ಕೆಯಿತ್ತು, ಇಲ್ಲಿ ಅದಕ್ಕೆ ಹಲ್ಲಿಯಂತೆ ನೆಟ್ಟನೆಯ ಬಾಲವಿದೆ. ಅದಿರಲಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಮಲ.

ಲೈಮ್ ರೀಜಿಸ್ ಊರಿನ ಕಡಲತಡಿಯಲ್ಲಿ ಪಳೆಯುಳಿಕೆ ಹೆಕ್ಕಿ ಮಾರಿ ಬದುಕುತ್ತಿದ್ದವರು ಮೇರಿ ಆನಿಂಗ್ (1799–1847). ಇಕ್ತಿಯೋಸಾರ್ ಅಸ್ಥಿಪಂಜರಗಳ ಹೊಟ್ಟೆಯ ಜಾಗದಲ್ಲಿ ಸಿಗುತ್ತಿದ್ದ ಕೆಲವು ಕಲ್ಲುಗಳನ್ನು ಒಡೆದರೆ ಒಳಗೆ ಮೀನಿನ ಮೂಳೆ, ಹುರುಪೆ ಇರುವುದನ್ನು ಅವರು ಗಮನಿಸಿದ್ದರು. ಅವು ಕಲ್ಲಾದ ಮಲ ಎಂದು 1829ರಲ್ಲಿ ವಾದ ಮಂಡಿಸಿದವರು ವಿಲಿಯಂ ಬಕ್ಲ್ಯಾಂಡ್. ಯಾರು ಯಾರನ್ನು ತಿಂದರು ಎಂಬುದಕ್ಕೆ ಸಿಕ್ಕ ಪುರಾವೆ ಅದು. ಚಿತ್ರದ ನಾಟಕವೆಲ್ಲ ನಿಂತಿರುವುದು ಆನಿಂಗ್ ಅಗೆದು ತೆಗೆದ ಮೂಳೆ, ಒಡೆದು ನೋಡಿದ ಕಲ್ಲುಗಳ ಮೇಲೆ.

ಆನಿಂಗ್ ಹಣದ ಕಷ್ಟದಲ್ಲಿದ್ದಾಗ ಡಿ ಲಾ ಬೀಚ್ ಈ ಚಿತ್ರದ ಕಲ್ಲಚ್ಚಿನ ಪ್ರತಿಗಳನ್ನು ಮಾಡಿಸಿ, ಮಾರಾಟದ ದುಡ್ಡನ್ನು ಅವರಿಗೆ ಕೊಟ್ಟರು. ಇದನ್ನು ಔದಾರ್ಯದ ಕತೆಯಾಗಿಯೇ ಹೇಳುವುದು ರೂಢಿ. ಔದಾರ್ಯ ಹೌದು. ಆದರೆ ಆನಿಂಗ್ 1823ರಲ್ಲಿ ಅಗೆದು ತೆಗೆದ ಪ್ಲೀಸಿಯೋಸಾರ್ ಅನ್ನು ಮರುವರ್ಷ ಲಂಡನ್ನಿನ ಜಿಯಲಾಜಿಕಲ್ ಸೊಸೈಟಿಯ ಮುಂದಿಟ್ಟ ವಿಲಿಯಂ ಕೋನಿಬಿಯರ್ ಆಕೆಯ ಹೆಸರೆತ್ತಲಿಲ್ಲ. ಆ ಸೊಸೈಟಿ ಹೆಂಗಸರನ್ನು ಫೆಲೋಗಳಾಗಿ ಸೇರಿಸಿಕೊಂಡದ್ದು 1919ರಲ್ಲಿ. ಆಕೆಯ ತಿಳಿವಿನ ಹಂಗಿನಲ್ಲಿದ್ದವರು ವಿದ್ವಾಂಸರು, ಆದರೆ ಈ ಕತೆಯಲ್ಲಿ ಹಂಗು ಆಕೆಯ ತಲೆಗೆ ಬಂದು ಕೂತಿದೆ. ಸಲ್ಲಬೇಕಾದದ್ದು ಸಲ್ಲದೇ ಹೋದಾಗಲೇ ಅಲ್ಲವೇ ಉಪಕಾರಕ್ಕೆ ಜಾಗವಾಗುವುದು? ಡಿ ಲಾ ಬೀಚ್ ಅವರ ಸಿರಿವಂತಿಕೆಯ ಮೂಲವೂ ಜಮೈಕಾದಲ್ಲಿ ಗುಲಾಮರು ದುಡಿಯುತ್ತಿದ್ದ ಕಬ್ಬಿನ ತೋಟ. ಚಿತ್ರವನ್ನು ಮತ್ತೆ ನೋಡುವಾಗ ಅದೂ ನೆನಪಾಗುತ್ತದೆ.

ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಆನಿಂಗ್ ತೀರಿಕೊಂಡ ಮೇಲೆ, 1848ರಲ್ಲಿ, ಅದೇ ಸೊಸೈಟಿಯ ಅಧ್ಯಕ್ಷರಾಗಿದ್ದ ಡಿ ಲಾ ಬೀಚ್ ತಮ್ಮ ಭಾಷಣದಲ್ಲಿ ಆಕೆಯನ್ನು ಸ್ಮರಿಸಿದರು. ಫೆಲೋಗಳಿಗಷ್ಟೇ ಸಲ್ಲುತ್ತಿದ್ದ ಗೌರವ ಅದು.

ನನ್ನ ಪಿಎಚ್‌ಡಿ ಪ್ರಬಂಧದ ಕರಡಿನಲ್ಲಿ, ನನಗಾಗಿ ರಾತ್ರಿಯಿಡೀ ಹಾಡಿ, ಅರ್ಥ ಬಿಡಿಸಿ ಹೇಳಿದ ಅಜ್ಜಿಯರ ಹೆಸರುಗಳು 'ಕೃತಜ್ಞತೆಗಳು' ಪುಟದಲ್ಲಿವೆ. ಅವರು ಹೇಳಿದ ಅರ್ಥ ಮಾತ್ರ ಮೂರನೇ ಅಧ್ಯಾಯದಲ್ಲಿ ನನ್ನ ವಾದವಾಗಿ ಕೂತಿದೆ. ಆ ಅಧ್ಯಾಯವನ್ನು ಈ ವಾರ ಮತ್ತೆ ತೆರೆದಿದ್ದೇನೆ.