ಹಂಚಿಕೊಂಡ ಕ್ಯಾಶ್: ಉಳಿತಾಯವೆಷ್ಟು, ಅಪಾಯವೆಷ್ಟು?

ಪದೇ ಪದೇ ಬೇಕಾಗುವ ಮಾಹಿತಿಯನ್ನು ಪ್ರತಿಸಲವೂ ಮೂಲ ಡೇಟಾಬೇಸಿನಿಂದ ತರುವ ಬದಲು ಸರ್ವರಿನ ಮೆಮೊರಿಯಲ್ಲಿ ತಾತ್ಕಾಲಿಕವಾಗಿ ಇರಿಸಿಕೊಳ್ಳುವ ವ್ಯವಸ್ಥೆಗೆ ಕ್ಯಾಶ್ ಎನ್ನುತ್ತಾರೆ. 2009ರಲ್ಲಿ ಸಾಲ್ವತೋರೆ ಸ್ಯಾನ್‌ಫಿಲಿಪ್ಪೊ ಹೊರತಂದ ರೆಡಿಸ್ ಈ ಕೆಲಸಕ್ಕೆ ವ್ಯಾಪಕವಾಗಿ ಬಳಕೆಯಲ್ಲಿದ್ದು, ಅದರ ಒಂದೇ ಇನ್‌ಸ್ಟೆನ್ಸಿನಲ್ಲಿ, ಅಂದರೆ ಚಾಲನೆಯಲ್ಲಿರುವ ಒಂದು ಪ್ರತಿಯಲ್ಲಿ, 0ರಿಂದ 15ರವರೆಗೆ 16 ಡೇಟಾಬೇಸುಗಳು ಮೊದಲೇ ಸಿದ್ಧವಿರುವುದರಿಂದ, ಸೇವೆಗೊಂದು ಸಂಖ್ಯೆ ಕೊಟ್ಟು ಎಲ್ಲವನ್ನೂ ಒಂದೆಡೆ ನಡೆಸುವ ರೂಢಿ ಬೆಳೆದಿದೆ. ಈ ರೂಢಿಯಿಂದ ದೊರೆಯುವ ಪ್ರತ್ಯೇಕತೆ ಹೆಸರಿನ ಮಟ್ಟದ್ದು ಮಾತ್ರ. ಎರಡು ಸೇವೆಗಳು ಒಂದೇ ಕೀಲಿಯನ್ನು, ಅಂದರೆ ಮಾಹಿತಿಯನ್ನು ಗುರುತಿಸುವ ಹೆಸರನ್ನು, ಬಳಸಿದರೂ ತೊಡಕಾಗದು, ನಿಜ. ಆದರೆ ಮೆಮೊರಿಯ ಮಿತಿಯೂ, ಅದು ತುಂಬಿದಾಗ ಯಾವುದನ್ನು ಅಳಿಸಬೇಕೆಂಬ ನೀತಿಯೂ, ಆದೇಶಗಳು ಕಾಯುವ ಸರದಿಯೂ ಎಲ್ಲಕ್ಕೂ ಒಂದೇ.

ಇದರ ಅಪಾಯವನ್ನು ಚಿಕ್ಕಬಳ್ಳಾಪುರ ಜಿಲ್ಲೆಯ ಎರಡು ಮಾರುಕಟ್ಟೆಗಳ ಸ್ವಭಾವದಿಂದ ಊಹಿಸಬಹುದು. ಶಿಡ್ಲಘಟ್ಟದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆಯ ಇ-ಹರಾಜಿನಲ್ಲಿ ರೀಲರುಗಳು, ಅಂದರೆ ಗೂಡಿನಿಂದ ನೂಲು ತೆಗೆಯುವವರು, ಮೊಬೈಲಿನಲ್ಲಿ ಬಿಡ್ ಹಾಕುತ್ತಾರೆ. ಚಿಂತಾಮಣಿಯ ಟೊಮೆಟೊ ಧಾರಣೆಯನ್ನಾದರೋ ಜನ ಸುಮ್ಮನೆ ನೋಡಿ ತಿಳಿದುಕೊಂಡರೆ ಸಾಕು. ಇಂಥ ಎರಡು ಸೇವೆಗಳು ಒಂದೇ ರೆಡಿಸಿನಲ್ಲಿವೆ ಎಂದುಕೊಂಡರೆ, ಟೊಮೆಟೊ ಬೆಲೆ ಗಗನಕ್ಕೇರಿದ ದಿನ ಧಾರಣೆಯ ಪುಟಗಳೇ ಮೆಮೊರಿಯನ್ನು ತುಂಬುತ್ತವೆ. ಬಹುಹೊತ್ತು ಬಳಕೆಯಾಗದ ಕೀಲಿಯನ್ನು ಮೊದಲು ಅಳಿಸುವ ನೀತಿಯಿದ್ದಲ್ಲಿ, ಒಂದು ಲಾಟಿನಿಂದ, ಅಂದರೆ ಗೂಡಿನ ರಾಶಿಯಿಂದ, ಇನ್ನೊಂದಕ್ಕೆ ಹೋಗಿ ಗೂಡನ್ನು ಕೈಯಲ್ಲಿ ಹಿಡಿದು ನೋಡುತ್ತಿರುವ ರೀಲರಿನ ಸೆಷನ್, ಅಂದರೆ ಆತ ಲಾಗಿನ್ ಆಗಿರುವುದರ ದಾಖಲೆ, ಅಳಿದುಹೋಗಿ, ಬಿಡ್ ಹಾಕುವ ಹೊತ್ತಿಗೆ ಆತ ಹೊರಗಿರುತ್ತಾನೆ. ಅವಧಿ ನಿಗದಿಯಾದ ಕೀಲಿಗಳನ್ನಷ್ಟೇ ಅಳಿಸುವ ನೀತಿಯೂ ಆತನನ್ನು ಕಾಯದು, ಏಕೆಂದರೆ ಸೆಷನ್ನಿಗೂ ಸಾಮಾನ್ಯವಾಗಿ ಅವಧಿಯಿರುತ್ತದೆ. ಏನನ್ನೂ ಅಳಿಸಬಾರದೆಂದು ಕಟ್ಟುಹಾಕಿದರೆ ಹೊಸದಾಗಿ ಬರೆಯುವುದಕ್ಕೇ ತಡೆಬಿದ್ದು, ಆಮೇಲೆ ಬಂದವರು ಲಾಗಿನ್ ಆಗಲಾರರು. ಧಾರಣೆಯ ಪುಟಗಳನ್ನು ಹೊಸದಾಗಿಸಲು ಯಾರಾದರೂ ಒಂದೇ ಡೇಟಾಬೇಸನ್ನು ಅಳಿಸುವ ಫ್ಲಶ್‌ಡಿಬಿ ಆದೇಶ ಕೊಡುವಲ್ಲಿ ಫ್ಲಶ್‌ಆಲ್ ಕೊಟ್ಟರಂತೂ ಆ ಇನ್‌ಸ್ಟೆನ್ಸಿನ ಎಲ್ಲ ಡೇಟಾಬೇಸುಗಳೂ ಖಾಲಿ.

ಹಂಚಿಕೆಯ ಪರವಾಗಿರುವ ಮುಖ್ಯ ವಾದ ಖರ್ಚಿನದು. ಸ್ವಂತ ಸರ್ವರಿನಲ್ಲಿ ಈ ವಾದಕ್ಕೆ ಬಲವಿಲ್ಲ, ಏಕೆಂದರೆ ಖಾಲಿ ರೆಡಿಸ್ ಕೆಲವೇ ಎಂಬಿ ಮೆಮೊರಿ ಬೇಡುತ್ತದೆ. ಪ್ರತಿ ನೋಡ್‌ಗೂ, ಅಂದರೆ ರೆಡಿಸ್ ನಡೆಸುವ ಪ್ರತಿ ಯಂತ್ರಕ್ಕೂ, ಬಾಡಿಗೆ ವಸೂಲಾಗುವ ಕ್ಲೌಡ್‌ನಲ್ಲಿ ಮಾತ್ರ ಅದನ್ನು ತಳ್ಳಿಹಾಕಲಾಗದು. ಅಲ್ಲಿಯೂ ಸಂಖ್ಯೆಗಳಿಗಿಂತ ಕೀಲಿಗೆ ಸೇವೆಯ ಹೆಸರನ್ನು ಮುಂದಾಗಿ ಸೇರಿಸುವ ಪದ್ಧತಿಯೇ ಮೇಲು, ಏಕೆಂದರೆ ಹಲವು ಯಂತ್ರಗಳಿಗೆ ಹರಡಿಕೊಳ್ಳುವ ರೆಡಿಸ್ ಕ್ಲಸ್ಟರಿನಲ್ಲಿ 0 ಸಂಖ್ಯೆಯ ಡೇಟಾಬೇಸೊಂದೇ ಇರುತ್ತದೆ. ಅಳಿದರೂ ಮೂಲದಿಂದ ಮತ್ತೆ ಕಟ್ಟಿಕೊಳ್ಳಬಹುದಾದ ಪುಟಗಳು ಹೀಗೆ ಒಂದೆಡೆ ಕೂಡಿರಬಹುದು. ಹರಾಜಿನ ಸೆಷನ್ನಿಗೆ ತನ್ನದೇ ಮೆಮೊರಿ ಮಿತಿಯುಳ್ಳ ಬೇರೆ ಇನ್‌ಸ್ಟೆನ್ಸನ್ನು, ಬಾಡಿಗೆ ಹೆಚ್ಚಾದರೂ, ಕೊಡಲೇಬೇಕು.