ಮೂವತ್ತು ಅಂಕದ ಮನೋವಿಜ್ಞಾನ

ರಾಯಚೂರು ಜಿಲ್ಲೆಯ ತುರ್ವಿಹಾಳ, ಸಿಂಧನೂರು, ಮಸ್ಕಿ ಭಾಗದಲ್ಲಿ ಡಿ.ಇಡಿ, ಬಿ.ಇಡಿ ಮುಗಿಸಿದವರು ಮನೋವಿಜ್ಞಾನದ ಪುಸ್ತಕವನ್ನು ಮತ್ತೆ ಕೈಗೆತ್ತಿಕೊಳ್ಳುವುದು ಬಹುಪಾಲು ಒಂದೇ ಕಾರಣಕ್ಕೆ: ಶಿಕ್ಷಕರ ಅರ್ಹತಾ ಪರೀಕ್ಷೆ, ಟಿಇಟಿ. 150 ಅಂಕಗಳ ಆ ಪರೀಕ್ಷೆಯಲ್ಲಿ ಶಿಶು ವಿಕಾಸ ಮತ್ತು ಬೋಧನಾಶಾಸ್ತ್ರಕ್ಕೆ 30 ಅಂಕ. ಪಿಯಾಜೆಯ ನಾಲ್ಕು ಹಂತಗಳು, ಥಾರ್ನ್‌ಡೈಕನ ಕಲಿಕಾ ನಿಯಮಗಳು, ಕೊಹ್ಲ್‌ಬರ್ಗನ ನೈತಿಕ ವಿಕಾಸ ಎಲ್ಲವೂ ಬಾಯಿಪಾಠವಾಗಿ, ನಾಲ್ಕು ಆಯ್ಕೆಗಳಲ್ಲಿ ಒಂದಕ್ಕೆ ಗುರುತು ಬಿದ್ದರೆ ಕೆಲಸ ಮುಗಿಯಿತು. ಬಾಯಿಪಾಠ ಕಲಿಕೆಯಲ್ಲ ಎಂದು ಹೇಳುವ ಶಾಸ್ತ್ರವನ್ನೇ ಬಾಯಿಪಾಠದಿಂದ ದಾಟಬಹುದಾದ ಪರೀಕ್ಷೆ ಇದು. ಆದರೆ ಅದಕ್ಕಿಂತ ದೊಡ್ಡ ಕೊರತೆ ಬೇರೆಡೆ ಇದೆ. ಶಿಕ್ಷಕರನ್ನು ಸೋಸಲು ಈ ಶಾಸ್ತ್ರವನ್ನು ಬಳಸಿಕೊಂಡ ವ್ಯವಸ್ಥೆ, ಮಗುವಿನ ಬಳಿ ಕೂತು ಅದನ್ನು ಬಳಸುವ ಒಂದು ಹುದ್ದೆಯನ್ನು ಹುಟ್ಟಿಸಲಿಲ್ಲ.

ಇದಕ್ಕೆ ನಮ್ಮಲ್ಲಿ ವಿದ್ಯೆ ಇರಲಿಲ್ಲವೆಂಬುದು ಕಾರಣವಲ್ಲ. ಲಂಡನ್ ಕೌಂಟಿ ಕೌನ್ಸಿಲ್ ಶಾಲಾಮಕ್ಕಳ ಕೆಲಸಕ್ಕೆಂದು ಸಿರಿಲ್ ಬರ್ಟ್‌ರನ್ನು ಮನೋವಿಜ್ಞಾನಿಯಾಗಿ ನೇಮಿಸಿಕೊಂಡದ್ದು 1913ರಲ್ಲಿ. ಅದಕ್ಕೆ ನಾವು ಹೆಚ್ಚು ಹಿಂದೆ ಬಿದ್ದಿರಲಿಲ್ಲ: ಮೈಸೂರು ವಿಶ್ವವಿದ್ಯಾಲಯದಲ್ಲಿ ಎಂ.ವಿ. ಗೋಪಾಲಸ್ವಾಮಿಯವರ ಮುಂದಾಳತ್ವದಲ್ಲಿ ಮನೋವಿಜ್ಞಾನ ವಿಭಾಗ ಆರಂಭವಾದದ್ದು 1924ರಲ್ಲಿ. 1930ರ ದಶಕದಲ್ಲಿ ವಿ.ವಿ. ಕಾಮತ್ ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿದರು. ಬಿನೆ–ಕಾಮತ್ ಪರೀಕ್ಷೆ ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಅದರ ಮಾನದಂಡಗಳು ತೀರ ಹಳೆಯವು ಎಂಬ ಟೀಕೆ ಸರಿಯಾದದ್ದೇ. ಆದರೆ ಹಳೆಯದನ್ನು ಹೊಸದಾಗಿಸಬೇಕಾದವರು ಯಾರು? ಶಾಲೆಯಲ್ಲಿ ದಿನನಿತ್ಯ ಮಕ್ಕಳನ್ನು ಕಾಣುವ ವೃತ್ತಿಪರರ ಬಳಗ. ಅಂಥ ಬಳಗವೇ ಬೆಳೆಯದಿದ್ದುದರಿಂದ ಉಪಕರಣವೂ ಮುದಿಯಾಯಿತು.

ಈ ವೃತ್ತಿ ತುರ್ವಿಹಾಳಕ್ಕೆ ಯಾಕೆ ಬೇಕು? ಮೂರನೇ ತರಗತಿಯಲ್ಲಿ ಓದಲು ಬಾರದ ಮಗುವನ್ನೇ ತೆಗೆದುಕೊಳ್ಳೋಣ. ಕನ್ನಡ ಓದಿನ ಕಲಿಕೆಯನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಸಂಶೋಧನೆ ಹೇಳುವಂತೆ, ನಮ್ಮ ಅಕ್ಷರಸಂಪತ್ತು ದೊಡ್ಡದಾದ್ದರಿಂದ ಅದರ ಮೇಲೆ ಹಿಡಿತ ಬರಲು ಮಕ್ಕಳಿಗೆ ನಾಲ್ಕನೇ ತರಗತಿಯವರೆಗೂ ಕಾಲ ಬೇಕಾಗುತ್ತದೆ. ಹಾಗಾದರೆ ಒತ್ತಕ್ಷರದಲ್ಲಿ ತಡವರಿಸುವ ಮಗು ಸಹಜ ವೇಗದಲ್ಲೇ ಇರಬಹುದು. ಇಲ್ಲವೇ ಆಂಧ್ರದ ರೈತರ ಕ್ಯಾಂಪಿನಿಂದ ತೆಲುಗು, ತಾಂಡಾದಿಂದ ಲಂಬಾಣಿ, ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಿಂದ ಬಂಗಾಳಿ ಹೊತ್ತು ಬಂದಿರಬಹುದು. ಇಲ್ಲವೇ ಕಾಲುವೆ ನೀರು ಮುಟ್ಟದ ಊರಿನಿಂದ ತಂದೆತಾಯಿಯ ಜೊತೆ ಬೆಂಗಳೂರಿಗೆ ಗುಳೆ ಹೋಗಿ ತಿಂಗಳುಗಟ್ಟಲೆ ಸಾಲಿ ತಪ್ಪಿಸಿಕೊಂಡಿರಬಹುದು. ಇಲ್ಲವೇ ನಿಜಕ್ಕೂ ಕಲಿಕಾ ನ್ಯೂನತೆ ಇರಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದನ್ನು 21 ನ್ಯೂನತೆಗಳಲ್ಲಿ ಸೇರಿಸಿದೆ. ಈ ನಾಲ್ಕು ಕಾರಣಗಳಿಗೆ ಪರಿಹಾರ ನಾಲ್ಕು ಬಗೆ: ಕಾಯುವುದು, ಭಾಷೆಯ ಸೇತುವೆ ಕಟ್ಟುವುದು, ತಪ್ಪಿದ ಪಾಠವನ್ನು ತುಂಬುವುದು, ವಿಶೇಷ ಬೋಧನೆ ಕೊಡುವುದು. ತರಗತಿಯಲ್ಲಿ ಮಾತ್ರ ನಾಲ್ವರಿಗೂ ಸಿಗುವ ಹೆಸರು ಒಂದೇ, ದಡ್ಡ. ಈ ಒಂದು ಹೆಸರನ್ನು ನಾಲ್ಕಾಗಿ ಬಿಡಿಸಿ ನೋಡುವುದೇ ಶೈಕ್ಷಣಿಕ ಮನೋವಿಜ್ಞಾನಿಯ ಕೆಲಸ.

ಅದನ್ನು ಶಿಕ್ಷಕರೇ ಮಾಡಲಾರರೇ ಎಂಬ ಆಕ್ಷೇಪ ಬಲವಾದದ್ದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತು 2009–10ರಲ್ಲಿ ರಾಜ್ಯವೆಲ್ಲ ಹರಡಿದ ನಲಿಕಲಿ ಬೋಧನಾ ಪದ್ಧತಿ, ಪ್ರತಿ ಮಗುವೂ ತನ್ನ ವೇಗದಲ್ಲಿ ಮೆಟ್ಟಿಲು ಹತ್ತಲಿ ಎಂಬ ಮನೋವಿಜ್ಞಾನದ ತತ್ವವನ್ನು ಶಿಕ್ಷಕರ ಕೈಯಿಂದಲೇ ನಡೆಸಿತು. ಆದರೆ ಮಗು ಯಾವ ಮೆಟ್ಟಿಲಲ್ಲಿ ನಿಂತಿದೆ ಎಂದು ನಲಿಕಲಿ ತೋರಿಸುತ್ತದೆ, ಯಾಕೆ ನಿಂತಿದೆ ಎಂದಲ್ಲ. ಆ ಪ್ರಶ್ನೆಯನ್ನು ಒಯ್ಯಲು ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಯಲ್ಲಿ ಯಾರಿದ್ದಾರೆ? ಸಿಆರ್‌ಪಿ, ಬಿಆರ್‌ಪಿಗಳು (ಕ್ಲಸ್ಟರ್, ಬ್ಲಾಕ್ ಸಂಪನ್ಮೂಲ ವ್ಯಕ್ತಿಗಳು) ತರಬೇತಿ ಮತ್ತು ದಾಖಲೆಗಳ ನಡುವೆ ಇದ್ದಾರೆ. ಬಿಐಇಆರ್‌ಟಿಗಳ (ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರ) ಮೇಲೆ ಇಡೀ ತಾಲ್ಲೂಕಿನ ವಿಕಲಚೇತನ ಮಕ್ಕಳ ಹೊಣೆ ಇದೆ. ಇನ್ನೊಂದು ಆಕ್ಷೇಪ, ಪರೀಕ್ಷೆ ಮಾಡುವವರು ಬಂದರೆ ಮಕ್ಕಳ ಮೇಲೆ ಹಣೆಪಟ್ಟಿ ಬೀಳುತ್ತದೆ ಎಂಬುದು. ಹಣೆಪಟ್ಟಿ ಈಗಾಗಲೇ ಬಿದ್ದಿದೆ, ಅದೂ ಪರೀಕ್ಷೆಯಿಲ್ಲದೆ. ಬುದ್ಧ್ಯಂಕದ ಸಂಖ್ಯೆಯೊಂದನ್ನು ಬರೆದುಕೊಟ್ಟು ಹೋಗುವವರಾದರೆ ಅವರು ಬೇಡ ಎಂಬಷ್ಟರ ಮಟ್ಟಿಗೆ ಈ ಆಕ್ಷೇಪವನ್ನು ಒಪ್ಪಲೇಬೇಕು.

ವೃತ್ತಿಯ ಪ್ರಶ್ನೆ ನಿಲ್ಲುವುದು ಇಲ್ಲಿ. ಮನೋವಿಜ್ಞಾನದಲ್ಲಿ ಎಂ.ಎ. ಮಾಡಿದ ಈ ಭಾಗದ ಯುವತಿಗೆ ಇಂದು ಕಾಣುವ ದಾರಿಗಳು ಬಿ.ಇಡಿ ಕಾಲೇಜಿನ ಉಪನ್ಯಾಸ, ಸ್ವಯಂಸೇವಾ ಸಂಸ್ಥೆ ಅಥವಾ ಬೆಂಗಳೂರಿನ ಖಾಸಗಿ ಶಾಲೆ. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು ಅರ್ಹ ಆಪ್ತಸಮಾಲೋಚಕರನ್ನೋ ಮನೋವಿಜ್ಞಾನಿಯನ್ನೋ ಹೊಂದಿರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿತು. ವಿದ್ಯಾರ್ಥಿಗಳ ಆತ್ಮಹತ್ಯೆ ತಡೆಯುವ ಉದ್ದೇಶದ ಈ ನಿರ್ದೇಶನ ಸ್ವಾಗತಾರ್ಹ. ಆದರೆ ಓದಲಾರದ ಮಗುವಿನ ಸಂಕಟ ಅದರ ಕಣ್ಣಿಗೆ ಬಿದ್ದಿಲ್ಲ. ಹಣವಿಲ್ಲ ಎಂಬ ಮಾತೂ ಇಲ್ಲಿ ಪೂರ್ತಿ ನಿಲ್ಲದು: ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ‘ಅಕ್ಷರ ಆವಿಷ್ಕಾರ’ದ ಹೆಸರಿನಲ್ಲಿ ಶಿಕ್ಷಣಕ್ಕೆಂದೇ ಪಾಲು ಎತ್ತಿಟ್ಟಿದೆ, ಸಂವಿಧಾನದ 371(ಜೆ) ವಿಧಿ ಸ್ಥಳೀಯರಿಗೆ ಮೀಸಲಾತಿ ಕೊಟ್ಟಿದೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳಿಗೆ ತಲಾ ಒಬ್ಬರನ್ನು, ಕನ್ನಡದ ಜೊತೆ ಇಲ್ಲಿನ ಇನ್ನೊಂದು ಮನೆಮಾತು ಬಲ್ಲವರನ್ನು, ನೇಮಿಸಿದರೆ ಆರಂಭಕ್ಕೆ ಸಾಕು. ಟಿಇಟಿಯ 30 ಅಂಕಗಳು ಇದ್ದರೆ ಇರಲಿ. ಆ ಅಂಕ ಪಡೆದ ಶಿಕ್ಷಕಿಗೆ ಅನುಮಾನ ಬಂದಾಗ ಕೇಳಲು ಒಬ್ಬರು ಸಿಗುವವರೆಗೆ, ಅವು ನೇಮಕಾತಿಯ ಲೆಕ್ಕಕ್ಕೆ ಸಲ್ಲುತ್ತವೆಯೇ ಹೊರತು ಕಲಿಕೆಯ ಲೆಕ್ಕಕ್ಕಲ್ಲ.